ಬಾಟಲಿಯೊಳಗೆ ಎರೆಹುಳ: ಮೂರನೇ ವರ್ಷಕ್ಕೆ ಕೈಹಿಡಿದ ಪ್ರಯೋಗ

"ತರಗತಿಯಲ್ಲಿ ಹುಳ ಸಾಕ್ತೀರಾ? ವಾರದೊಳಗೆ ನಾತ ಹೊಡೆಯುತ್ತೆ, ನೋಡ್ತಿರಿ" ಅಂದಿದ್ದರು ಜೊತೆಯ ಶಿಕ್ಷಕರು. ಯಾವ ಜೀವಿ ಎಲ್ಲಿ ಬದುಕುತ್ತದೆ ಅನ್ನುವ ಆವಾಸದ ಪಾಠಕ್ಕೆ ನಾನು ಹುಡುಕಿದ ದಾರಿ ಅದು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಕೈಯಿಂದ ದುಡ್ಡು ಹಾಕಿ ದೊಡ್ಡ ಗಾಜಿನ ತೊಟ್ಟಿ ತಂದು, 40ರ ಹತ್ತಿರ ಎರೆಹುಳ ಬಿಟ್ಟೆ. ಒಣಗಿಬಿಟ್ಟಾವು ಅಂತ ಮಕ್ಕಳು ಪಾಪ, ಸರದಿಯ ಮೇಲೆ ನೀರು ಹೊಯ್ದರು. ಅವು ಉಸಿರಾಡುವುದು ಚರ್ಮದಿಂದ. ಒಣಗಬಾರದು ನಿಜ, ಆದರೆ ಮಣ್ಣು ಕೆಸರಾಗಿ ಗಾಳಿಯಾಡದಿದ್ದರೂ ಕಥೆ ಮುಗಿಯಿತು. ಎಂಟನೇ ದಿನವೋ ಏನೋ, ಮೂಗು ಮುಚ್ಚಿಕೊಂಡು ತೊಟ್ಟಿ ಹೊರಗಿಟ್ಟೆ. ಬದುಕಿದ್ದಾಗಲೂ ಅವು ನಡುಮಣ್ಣಿನಲ್ಲೇ ಅಡಗಿದ್ದು, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎರಡನೇ ವರ್ಷ ಎಲ್ಲರಂತೆ ಥರ್ಮಾಕೋಲ್ ಮಾದರಿಗೆ ಶರಣಾದೆ. ಬಣ್ಣ, ಅಂಟು, ಪ್ಲಾಸ್ಟಿಕ್ ಪ್ರಾಣಿ ಅಂತ ತೊಟ್ಟಿಗಿಂತ ಹೆಚ್ಚೇ ಖರ್ಚು. ದಕ್ಷಿಣದ ಪೆಂಗ್ವಿನ್ನೂ ಉತ್ತರ ಧ್ರುವದ ಹಿಮಕರಡಿಯೂ ಒಂದೇ ಹಿಮಗಡ್ಡೆಯ ಮೇಲೆ ಅಕ್ಕಪಕ್ಕ ನಿಂತಿದ್ದವು, ಬಹುಮಾನವೂ ಅದಕ್ಕೇ!

ಮೂರನೇ ಸಲ ಕಸಕ್ಕೆ ಹೋಗಬೇಕಿದ್ದ ಬಾಟಲಿಗಳೇ ಸಾಕಾದವು. ಕುತ್ತಿಗೆ ಕತ್ತರಿಸಿದ ದೊಡ್ಡ ಬಾಟಲಿಯೊಳಗೆ ನೀರು ತುಂಬಿ ಮುಚ್ಚಿದ ಸಣ್ಣ ಬಾಟಲಿ. ಎರಡರ ಮಧ್ಯೆ ಹೆಬ್ಬೆರಳಗಲದ ಸಂದು, ಅದರಲ್ಲಿ ಮಣ್ಣು, ಮರಳು ಪದರಪದರವಾಗಿ. ನಡುವೆ ಅಡಗಲು ಜಾಗವೇ ಇಲ್ಲವಲ್ಲ, ಹುಳ ಗೋಡೆಗೆ ಒತ್ತಿಕೊಂಡೇ ಬಿಲ ಕೊರೆಯಬೇಕು. ಸುತ್ತ ಕಪ್ಪು ಕಾಗದ. ನೋಡುವಾಗ ಮಾತ್ರ ತೆಗೆಯುವುದು. ಬಾಟಲಿಗೆ ನಾಲ್ಕೈದು ಹುಳ ಸಾಕು.

ಇಲ್ಲೂ ಎಡವಿದೆ. ಸುಲಭಕ್ಕೆ ಸಿಕ್ಕವೆಂದು ಗೊಬ್ಬರದ ಗುಂಡಿಯ ಹುಳ ತಂದಿದ್ದೆ. ಅವು ಮೇಲಿನ ಕೊಳೆತ ಎಲೆ ಬಿಟ್ಟು ಕೆಳಗಿಳಿಯಲೇ ಇಲ್ಲ. ಗಿಡದ ಬುಡ ಅಗೆದು ತಂದವು ಮಾತ್ರ ಮರುದಿನವೇ ಮರಳಿನ ಪದರ ದಾಟಿದ್ದವು. "ಇವಕ್ಕೆ ಮಹಡಿ ಮನೆ, ಅವಕ್ಕೆ ನೆಲಮಾಳಿಗೆ" ಅಂದಳು ಒಬ್ಬ ಹುಡುಗಿ. ಆವಾಸದ ಪಾಠಕ್ಕೆ ನಾನು ಬಾಯಿಬಿಡಬೇಕಾಗಲಿಲ್ಲ. ಮೂರು ವಾರಕ್ಕೆಲ್ಲ ಪದರಗಳ ಗೆರೆ ಕಲಸಿಹೋಗಿತ್ತು.

ಮಧ್ಯೆ, ಎರೆಹುಳಗಳ ಮೇಲೆ ವಿಜ್ಞಾನಿ ಡಾರ್ವಿನ್ ಮಾಡಿದ್ದ ಪ್ರಯೋಗಗಳ ಆಟವೂ ಆಯಿತು. ಕುಂಡದ ಹುಳಗಳ ಮುಂದೆ ಶಿಳ್ಳೆ ಊದಿಸಿದರೂ ಜಪ್ಪೆನ್ನದ್ದನ್ನೂ, ಕುಂಡವನ್ನು ಪಿಯಾನೊ ಮೇಲಿಟ್ಟು ಸ್ವರ ನುಡಿಸಿದಾಗ ಅವು ಬಿಲ ಹೊಕ್ಕಿದ್ದನ್ನೂ ಆತ 1881ರಲ್ಲಿ ಬರೆದಿದ್ದಾನೆ. ನಾವು ಶಿಳ್ಳೆ ಹೊಡೆದೆವು, ಬೆಂಚು ಕುಟ್ಟಿದೆವು. ಶಿಳ್ಳೆಗೆ ಅಲ್ಲಾಡಲಿಲ್ಲ, ಕುಟ್ಟಿದ್ದಕ್ಕೆ ತಲೆ ಸರಕ್ಕನೆ ಒಳಗೆ. ಆತನ ಹುಳಗಳು ಕಾಗದದ ತ್ರಿಕೋನಗಳನ್ನು ಬಿಲಕ್ಕೆ ಎಳೆಯುವಾಗ ಹೆಚ್ಚಾಗಿ ಚೂಪು ತುದಿಯನ್ನೇ ಹಿಡಿಯುತ್ತಿದ್ದವಂತೆ. ನಾವೂ ಮೂವತ್ತು ತುಂಡು ಇಟ್ಟೆವು. ನಮ್ಮವು ಎರಡನ್ನು ಎಳೆದವು, ಅದೂ ಅಡ್ಡಡ್ಡ.

ಕೊನೆಗೆ ಅಗೆದ ಜಾಗಕ್ಕೇ ಎಲ್ಲವನ್ನೂ ಬಿಟ್ಟೆವು. ಎಣಿಸಿದರೆ ತಂದದ್ದಕ್ಕಿಂತ ಒಂದೇ ಕಡಿಮೆ. ನಾತದ ಮಾತಾಡಿದವರು ಮೊನ್ನೆ ಖಾಲಿ ಬಾಟಲಿ ಕೇಳಿಕೊಂಡು ಬಂದಿದ್ದರು. ಗಾಜಿನ ತೊಟ್ಟಿಯನ್ನೂ ಒಯ್ಯಿರಿ ಅಂದೆ, ಬೇಡವೆಂದರು.