ಕೋಟೆಯ ಮೇಲೆ ರಾತ್ರಿ ತಂಗುವುದು ಹೇಗೆ?

ಚಳಿಗಾಲ ಬಂತೆಂದರೆ ಪುಣೆ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಈ ಶನಿವಾರ ಗಡದ ಮೇಲೇ ಮಲಗೋಣ’ ಎಂಬ ಹುಮ್ಮಸ್ಸು ಏಳುತ್ತದೆ. ಹೋದವರಲ್ಲಿ ಅರ್ಧ ಜನ ಭಾನುವಾರ ಕೆಂಗಣ್ಣು ಮಾಡಿಕೊಂಡು, ಮೂಗು ಒರೆಸಿಕೊಳ್ಳುತ್ತ ಇಳಿಯುತ್ತಾರೆ. ಹತ್ತುವುದೇನೋ ಎಲ್ಲರೂ ಹತ್ತುತ್ತಾರೆ, ಎಡವಟ್ಟಾಗುವುದು ಮಲಗುವಾಗ.

ಹಂತ 1: ಕೋಟೆ ಆರಿಸಿ
ಪುಣೆಯವರ ಬಾಯಿಗೆ ಮೊದಲು ಬರುವ ಹೆಸರು ಸಿಂಹಗಡ. ಅಲ್ಲಿ ಪಿಠ್ಲ–ಭಾಕ್ರಿ (ಕಡಲೆಹಿಟ್ಟಿನ ಗೊಜ್ಜು, ರೊಟ್ಟಿ) ತಿಂದು, ಕುಡಿಕೆ ಮೊಸರು ಚಪ್ಪರಿಸಿ ಸಂಜೆಯೊಳಗೆ ಇಳಿದುಬಿಡಿ. ಲೋಹಗಡದಂಥ ಸಂರಕ್ಷಿತ ಸ್ಮಾರಕಗಳಲ್ಲಿ ಸಂಜೆಯ ಮೇಲೆ ಉಳಿಯುವಂತಿಲ್ಲ. ರಾಜಗಡದ ಪದ್ಮಾವತಿ ಗುಡಿಯಲ್ಲಿ ಹಿಂದೆ ಚಾರಣಿಗರು ಧಾರಾಳವಾಗಿ ಮಲಗುತ್ತಿದ್ದರು. ಆ ಹಳೆಯ ಕಥೆ ನಂಬಿ ಚೀಲ ಹೊತ್ತು ಹೊರಡಬೇಡಿ. ಲೋಹಗಡ, ರಾಜಗಡ ಎರಡೂ 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದ 12 ಮರಾಠಾ ಕೋಟೆಗಳಲ್ಲಿವೆ. ಯಾವ ಗಡವೇ ಆಗಲಿ, ಬುಡದ ಹಳ್ಳಿಗೆ ಫೋನ್ ಮಾಡಿ ಈಗಿನ ನಿಯಮ ಏನೆಂದು ಕೇಳಿಯೇ ಹೊರಡಿ. ಯೂಟ್ಯೂಬ್ ವಿಡಿಯೊ ಅನುಮತಿ ಪತ್ರವಲ್ಲ.

ವಯಸ್ಸಾದ ಅಪ್ಪ–ಅಮ್ಮ ಜೊತೆಗಿದ್ದರೆ ರಾಯಗಡವೇ ಸರಿ. 1674ರಲ್ಲಿ ಶಿವಾಜಿಯ ಪಟ್ಟಾಭಿಷೇಕ ನಡೆದ ಆ ಗಡಕ್ಕೆ ರೋಪ್‌ವೇ ಇದೆ. ಮೇಲೆ ಕೋಣೆ ಸಿಗುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಟೆಂಟ್ ಹಾಕಿಯೇ ಮಲಗಬೇಕು ಎನ್ನುವವರಿಗೆ ನನ್ನ ಶಿಫಾರಸು ಹರಿಶ್ಚಂದ್ರಗಡ, ಅಲ್ಲೂ ಈಗಿನ ನಿಯಮ ಕೇಳಿಕೊಂಡೇ. ಮುಂದಿನ ಮಾತೆಲ್ಲ ಅದರದ್ದೇ.

ಹಂತ 2: ಬೆಳಕಿರುವಾಗಲೇ ಮೇಲಿರಿ
ಪಾಚನೈ ಹಳ್ಳಿಯಿಂದ ಹತ್ತಲು ಎರಡೂವರೆ ಗಂಟೆ ಸಾಕು. ಖಿರೇಶ್ವರದಿಂದ ತೋಲಾರ್ ಖಿಂಡ್ ಎಂಬ ಕಣಿವೆದಾರಿ ದಾಟಿ ಹೋದರೆ ಹೆಚ್ಚುಕಡಿಮೆ ಎರಡು ಪಟ್ಟು. ‘ನಳೀಚಿ ವಾಟ್’ ಹೆಸರಿನ ಕಡಿದಾದ ಕೊರಕಲು ದಾರಿ ಹೊಸಬರಿಗಲ್ಲ, ಜೊತೆಗಿರುವ ಗೆಳೆಯ ಎಷ್ಟೇ ಪುಸಲಾಯಿಸಲಿ. ಸಂಜೆ ನಾಲ್ಕಕ್ಕೆ ಮೇಲಿರಬೇಕು.

ಹಂತ 3: ನೀರು
ತಲೆಗೆ ಮೂರು ಲೀಟರ್ ಹೊತ್ತೊಯ್ಯಿರಿ. ಗಡದ ಮೇಲಿನ ಹರಿಶ್ಚಂದ್ರೇಶ್ವರ ಗುಡಿಯ ಪಕ್ಕದ ಪುಷ್ಕರಣಿಯಲ್ಲಿ ತಟ್ಟೆ ತೊಳೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹಂತ 4: ಹಾಸಿಗೆ
ಮೊದಲು ಜಾಗ. ಫೋಟೊ ಚೆನ್ನಾಗಿ ಬರುತ್ತದೆಂದು ಎಲ್ಲರೂ ‘ಕೊಂಕಣ ಕಡಾ’ ಎಂಬ ಪ್ರಪಾತದ ಅಂಚಿಗೆ ಓಡುತ್ತಾರೆ. ಆ ಬಂಡೆಗೋಡೆ ಪಶ್ಚಿಮಕ್ಕೆ ಮುಖಮಾಡಿ ಒಳಬಾಗಿದೆ. ಕೊಂಕಣದಿಂದ ಬೀಸುವ ಗಾಳಿ ಅದಕ್ಕೆ ಬಡಿದು ನೇರ ಮೇಲೇರುತ್ತದೆ, ಟೆಂಟ್ ರಾತ್ರಿಯಿಡೀ ಪಟಪಟ ಹೊಡೆದುಕೊಳ್ಳುತ್ತದೆ. ಸೂರ್ಯಾಸ್ತ ಅಲ್ಲಿ ನೋಡಿ, ಮಲಗಲು ಗುಡಿಯ ಕಡೆಗೆ ಬನ್ನಿ. ಬಂಡೆಯ ಮೇಲೆ ಗೂಟ ಇಳಿಯುವುದಿಲ್ಲ. ಅಲ್ಲೇ ಬಿದ್ದಿರುವ ಕಲ್ಲಿಗೆ ಹಗ್ಗ ಸುತ್ತಿ, ಇನ್ನೊಂದು ಕಲ್ಲು ಹೇರಿ. ಕೋಟೆಯ ಗೋಡೆಯಿಂದಾಗಲಿ ಗುಡಿಯಿಂದಾಗಲಿ ಕಲ್ಲು ಕೀಳಬೇಡಿ. ಬಾಗಿಲು ಗಾಳಿಗೆ ಬೆನ್ನು ಕೊಟ್ಟಿರಲಿ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಒಂದೇ ಪದರದ ‘ವಾಟರ್‌ಪ್ರೂಫ್’ ಟೆಂಟ್ ಕೊಳ್ಳಬೇಡಿ. ಮಲಗಿದವರ ಉಸಿರಿನ ಆವಿ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ, ಬೆಳಗಿನ ಜಾವ ಮುಖದ ಮೇಲೇ ತೊಟ್ಟಿಕ್ಕುತ್ತದೆ. ಎರಡು ಪದರದ್ದು ಬಾಡಿಗೆಗೆ ತನ್ನಿ. ದುಡ್ಡು ಕೊಡುವ ಮೊದಲು ಜಿಪ್ ಎಳೆದು ನೋಡಿ. ರಾತ್ರಿ ಜಿಪ್ಪಿನ ಮೇಲ್ಗಡೆ ಬೆರಳು ತೂರುವಷ್ಟು ತೆರೆದಿಡಿ.

ಇನ್ನು ಮುಖ್ಯ ವಿಷಯ: ಚಳಿ ನೆಲದಿಂದ ಬರುತ್ತದೆ. ಸೋಲಾಪುರದ ಚಾದರ ಎರಡು ಹೊದ್ದು, ಕೆಳಗೆ ಬರೀ ಜಮಖಾನ ಹಾಸಿ ಮಲಗಿದರೆ ಬಂಡೆ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಹೊದೆಯುವುದು ಒಂದಾದರೂ ಸರಿ, ಹಾಸುವುದು ಎರಡಿರಲಿ. ಮೊದಲು ಮೂರ್ನಾಲ್ಕು ಪದರ ಹಳೆಯ ಪತ್ರಿಕೆ, ಅದರ ಮೇಲೆ ಫೋಮ್ ಮ್ಯಾಟ್. ಗಾಳಿ ತುಂಬುವ ತೆಳು ಹಾಸಿಗೆ ದಂಡ: ಒಳಗಿನ ಗಾಳಿಯೇ ತಣ್ಣಗಾಗುತ್ತದೆ, ಮೇಲಾಗಿ ಒಂದು ಮುಳ್ಳು ಸಾಕು. ಮೇಲೆ ತಲುಪಿದ ತಕ್ಷಣ, ಮೈ ಇನ್ನೂ ಬಿಸಿಯಿರುವಾಗಲೇ, ಬೆವರಿದ ಬನಿಯನ್ ಬಿಚ್ಚಿ ಒಣ ಬಟ್ಟೆ ಹಾಕಿ. ಜನ ತಪ್ಪುವುದು ಇಲ್ಲೇ: ಫೋಟೊ, ಹರಟೆ, ಚಹಾ ಎಂದು ಕತ್ತಲಾಗುವವರೆಗೆ ಒದ್ದೆ ಬನಿಯನ್‌ನಲ್ಲೇ ಇರುತ್ತಾರೆ. ಮಲಗುವಾಗ ಒಣ ಕಾಲ್ಚೀಲವೊಂದು ಬೇರೆಯೇ ಇರಲಿ. ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಕಾಲ ಬಳಿ ಇಟ್ಟರೆ ಅರ್ಧ ರಾತ್ರಿ ಸುಖ.

ಕ್ಯಾಂಪ್‌ಫೈರ್? ಬೇಡ. ಗಡವಿರುವುದು ಕಳಸೂಬಾಯಿ–ಹರಿಶ್ಚಂದ್ರಗಡ ವನ್ಯಜೀವಿಧಾಮದೊಳಗೆ. ಅಲ್ಲದೆ ಸಹ್ಯಾದ್ರಿಯ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಹೊಗೆ ತಾಗಿದರೆ ಬಿಡುವುದಿಲ್ಲ. ಸೆಂಟ್ ಪೂಸಿಕೊಂಡು ಬರುವವರಿಗೂ ಇದೇ ಮಾತು. ಊಟಕ್ಕೆ ಹಳ್ಳಿಯವರಿಗೆ ಮೊದಲೇ ಹೇಳಿದರೆ ಬಿಸಿ ಭಾಕ್ರಿ ಸಿಗುತ್ತದೆ, ಮ್ಯಾಗಿಯ ಹಂಗೇಕೆ?

ಹಂತ 5: ಬೆಳಿಗ್ಗೆ
ಶೂ ಕೊಡವಿ ಹಾಕಿಕೊಳ್ಳಿ, ಚೇಳು ಕೂತಿರಬಹುದು. ಜನ ಸೇರುವ ಮುಂಚೆ ಕೇದಾರೇಶ್ವರ ಗುಹೆಗೆ ಹೋಗಿ. ಕೊರೆಯುವ ನೀರಿನ ನಡುವೆ ದೊಡ್ಡ ಲಿಂಗ, ಸುತ್ತಲಿದ್ದ ನಾಲ್ಕು ಕಂಬಗಳಲ್ಲಿ ಒಂದು ಮಾತ್ರ ಪೂರ್ತಿ ಉಳಿದಿದೆ. ಆಮೇಲೆ ಕೊಂಕಣ ಕಡಾ. ಅಂಚಿನಲ್ಲಿ ನಿಲ್ಲಬೇಡಿ, ಹೊಟ್ಟೆಯ ಮೇಲೆ ಮಲಗಿ ತೆವಳಿಕೊಂಡು ಇಣುಕಿ. ಮಳೆಗಾಲದ ಕೊನೆಯಲ್ಲಿ ಹೋದವರಿಗೆ ಅದೃಷ್ಟವಿದ್ದರೆ ಕಣಿವೆಯ ಮಂಜಿನಲ್ಲಿ ವೃತ್ತಾಕಾರದ ಕಾಮನಬಿಲ್ಲು ‘ಇಂದ್ರವಜ್ರ’ ಕಾಣುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಸೈಕ್ಸ್ ಇದನ್ನು ಇಲ್ಲಿಂದಲೇ ಕಂಡಿದ್ದ.

ಕಸವನ್ನೆಲ್ಲ ಚೀಲಕ್ಕೆ ತುಂಬಿ ಇಳಿಸಿ. ಕಾರು ಓಡಿಸುವವರು ಪಾಚನೈಯಲ್ಲಿ ಒಂದು ಗಂಟೆ ಮಲಗಿ ಎದ್ದ ಮೇಲೇ ಪುಣೆಯ ದಾರಿ ಹಿಡಿಯಲಿ.