ಮೆಕ್ಕೆಜೋಳದ ಎಣ್ಣೆ ತಂದ ಮೇಲೆ

ಡಾಕ್ಟರು ಕೊಲೆಸ್ಟ್ರಾಲ್ ಜಾಸ್ತಿ ಅಂದ ಕೂಡಲೇ ಎಷ್ಟೋ ಮನೆಗಳಿಗೆ ಮೆಕ್ಕೆಜೋಳದ ಎಣ್ಣೆ ಬರುತ್ತದೆ. ಬರಲಿ, ಒಳ್ಳೆಯದೇ. ಆದರೆ ಪ್ಯಾಕೆಟ್ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಅಂತ ಬರೆದಿದೆ ಎಂದು ತರಬೇಡಿ. ಕಡ್ಲೆಕಾಯಿ ಎಣ್ಣೆಯಲ್ಲೂ ಅದಿಲ್ಲ, ಕೊಬ್ಬರಿ ಎಣ್ಣೆಯಲ್ಲೂ ಇಲ್ಲ. ಹಿಂಬದಿಯ ಸಣ್ಣಕ್ಷರದಲ್ಲಿ, ರಕ್ತದ ಕೊಲೆಸ್ಟ್ರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು ಎಷ್ಟಿದೆ ಅಂತ ನೋಡಿ. ಈ ಎಣ್ಣೆಯಲ್ಲಿ ಅದು 100 ಗ್ರಾಂಗೆ ಸುಮಾರು 13 ಗ್ರಾಂ. ಪಾಮ್ ಎಣ್ಣೆಯಲ್ಲಿ 50ರ ಹತ್ತಿರ, ತುಪ್ಪದಲ್ಲಿ 60 ದಾಟುತ್ತದೆ. ಕರುಳು ಕೊಲೆಸ್ಟ್ರಾಲನ್ನು ಹೀರಿಕೊಳ್ಳುವುದನ್ನು ಸ್ವಲ್ಪ ತಡೆಯುವ ಸ್ಟೆರಾಲ್ ಅಂಶವೂ ಮೆಕ್ಕೆಜೋಳದ ಎಣ್ಣೆಯಲ್ಲಿದೆ. ಹಾಗಾಗಿ ವನಸ್ಪತಿ, ಪಾಮ್ ಎಣ್ಣೆ ಬಿಟ್ಟು ಇದಕ್ಕೆ ಬಂದವರಿಗೆ ಲಾಭವಿದೆ. ಅವನ್ನೂ ತಿಂದು ಇದನ್ನೂ ಸುರಿದರೆ ಲಾಭ ಏನೂ ಇಲ್ಲ. ಡಾಕ್ಟರು ಕೊಟ್ಟ ಮಾತ್ರೆಯನ್ನಂತೂ ಇದನ್ನು ನಂಬಿ ಬಿಡಲೇಬಾರದು.

ಅಳತೆ ತಪ್ಪಿದರೆ ಯಾವ ಎಣ್ಣೆಯೂ ಒಳ್ಳೆಯದಲ್ಲ. ಒಂದು ದೊಡ್ಡ ಚಮಚದಲ್ಲಿ 120 ಕ್ಯಾಲರಿ ಇದ್ದೇ ಇದೆ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಅಂತ ಇಟ್ಟುಕೊಳ್ಳಿ, ದಿನಕ್ಕೆ ಸುಮಾರು ಒಂದು ದೊಡ್ಡ ಚಮಚ ಬರುತ್ತದೆ. ಪ್ಯಾಕೆಟ್‌ನಿಂದ ನೇರ ಬಾಣಲೆಗೆ ಸುರಿಯುವ ಅಭ್ಯಾಸ ಬಿಟ್ಟರೆ ಅರ್ಧ ಕೆಲಸ ಆಯಿತು.

ಇದಕ್ಕೆ ತನ್ನದೇ ಘಮ ಇಲ್ಲ. ಪಲ್ಯ, ಚಪಾತಿ, ಮನೆಯಲ್ಲಿ ಮಾಡುವ ಕೇಕು ಇವಕ್ಕೆ ಚೆನ್ನಾಗಿ ಹೊಂದುತ್ತದೆ. ಚಿತ್ರಾನ್ನ, ಪುಳಿಯೋಗರೆಗೆ ಮಾತ್ರ ಕಡ್ಲೆಕಾಯಿ ಎಣ್ಣೆಯೋ ಎಳ್ಳೆಣ್ಣೆಯೋ ಬೇಕು.

ಕರಿಯುವಾಗ ಜಾಸ್ತಿ ಎಚ್ಚರ ಬೇಕು. ರಿಫೈನ್ಡ್ ಮಾಡಿದ್ದರಿಂದ ಇದು ಬೇಗ ಹೊಗೆಯಾಡುವುದಿಲ್ಲ, ಪೂರಿ ಚೆನ್ನಾಗಿ ಉಬ್ಬುತ್ತದೆ. ಆದರೆ ಇದರ ಅರ್ಧಕ್ಕಿಂತ ಹೆಚ್ಚು ಭಾಗ ಪದೇ ಪದೇ ಕಾಯಿಸಿದರೆ ಬೇಗ ಕೆಡುವ ಜಾತಿಯ ಕೊಬ್ಬು. ಕಾಯಿಸಿದ ಎಣ್ಣೆ ಎಷ್ಟು ಕೆಟ್ಟ ಮೇಲೆ ಬಳಸಬಾರದು ಅಂತ ಹೋಟೆಲ್‌ಗಳಿಗೆ ಸರ್ಕಾರ ಒಂದು ಮಿತಿ ಹಾಕಿದೆ. ಮನೆಯಲ್ಲಿ ಅದನ್ನು ಅಳೆಯುವ ಯಂತ್ರ ಇಲ್ಲ, ಕಣ್ಣು ಮೂಗನ್ನೇ ನಂಬಬೇಕು. ಬಜ್ಜಿ ಬಿಟ್ಟಾಗ ಏಳುವ ಗುಳ್ಳೆ ಒಡೆಯದೆ ನೊರೆಯಾಗಿ ಅಂಚಿಗೆ ಕೂತರೆ, ಬಣ್ಣ ಕಪ್ಪಾಗಿದ್ದರೆ, ಬೆರಳಿಗೆ ಅಂಟು ಹತ್ತಿದರೆ ಅದು ಮುಗಿಯಿತು ಅಂತಲೇ. ಅಷ್ಟಕ್ಕೆ ಕಾಯಬೇಡಿ. ಚಿಕ್ಕ ಬಾಣಲೆಯಲ್ಲಿ ಬೇಕಾದಷ್ಟೇ ಹಾಕಿ ಕರಿಯಿರಿ. ಉಳಿದದ್ದು ತಣ್ಣಗಾದ ಮೇಲೆ ಬಟ್ಟೆಯಲ್ಲಿ ಸೋಸಿ, ಒಂದೆರಡು ದಿನದಲ್ಲಿ ಒಗ್ಗರಣೆಗೆ ಖಾಲಿ ಮಾಡಿ. ಮತ್ತೆ ಕರಿಯಲು ಬೇಡ.

ಇನ್ನೊಂದು ಮಾತು. ದೇಹಕ್ಕೆ ಬೇಕಾದ ಎರಡು ಬಗೆಯ ಕೊಬ್ಬಿನಲ್ಲಿ ಒಮೇಗಾ 6 ಇದರಲ್ಲಿ ಧಾರಾಳ, ಒಮೇಗಾ 3 ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ವರ್ಷಪೂರ್ತಿ ಇದೊಂದೇ ಬೇಡ, ಬೇರೆ ಎಣ್ಣೆಗಳನ್ನೂ ತಿರುಗಿಸಿ ಬಳಸಿ. ಉತ್ತರ ಕರ್ನಾಟಕದವರಂತೆ ರೊಟ್ಟಿ ಜೊತೆ ಅಗಸಿ ಚಟ್ನಿಪುಡಿ ಇಟ್ಟುಕೊಂಡರೆ ಆ ಕೊರತೆ ತುಂಬುತ್ತದೆ.

ಎಣ್ಣೆ ಡಬ್ಬಿಯನ್ನು ಒಲೆ ಪಕ್ಕ, ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬೇಡಿ. ತಳದಲ್ಲಿ ಹಳೆಯದು ಇರುವಾಗ ಮೇಲೆ ಹೊಸದನ್ನು ತುಂಬಲೂಬೇಡಿ. ಪೂರ್ತಿ ಖಾಲಿಯಾದ ಮೇಲೆ ತೊಳೆದು, ತೇವ ಆರಿಸಿ ತುಂಬಿ.