ಪರ್ಯಾಯದ ಲೆಕ್ಕದಲ್ಲಿ ಗಿಟಾರಿಗೊಂದು ಡಿಲೇ ಪೆಡಲ್

ಉಡುಪಿಯ ಕಲ್ಸಂಕದ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ರಾತ್ರಿ ಶಟರ್ ಎಳೆದ ಮೇಲೆ ಅದೇ ಸೋಲ್ಡರಿಂಗ್ ಐರನ್ ಹಿಡಿದು ಗಿಟಾರಿನ ಸದ್ದು ಬದಲಿಸುವ ಪೆಡಲ್ ಮಾಡುತ್ತೇನೆ. ಡಿಎಸ್‌ಪಿ, ಅಂದರೆ ಸದ್ದನ್ನು ಅಂಕಿಯಾಗಿಸಿ ಕೋಡಿನಲ್ಲಿ ಬದಲಿಸುವುದನ್ನು ಕಲಿಯಬೇಕು ಅಂತ ಬರುವ ಹುಡುಗರೆಲ್ಲ ಮೊದಲು ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಹಿಂದೆ ಓಡುತ್ತಾರೆ. ಬೇಡ ಮಾರಾಯ್ರೆ. ಸದ್ದನ್ನು ಸೆಕೆಂಡಿಗೆ 48,000 ಸಲ ಅಳೆದರೆ, ಅದರ ಅರ್ಧ, ಅಂದರೆ 24,000 ಹರ್ಟ್ಸ್ ದಾಟಿದ ಸ್ವರಗಳು ಡಿಸ್ಟಾರ್ಷನ್‌ನಲ್ಲಿ ಮಡಚಿಕೊಂಡು ವಾಪಸ್ ಬಂದು ಅಪಸ್ವರ ಎಬ್ಬಿಸುತ್ತವೆ. ಅದನ್ನು ಸರಿ ಮಾಡುವುದು ದೊಡ್ಡ ಕರೆಕರೆ. ನುಡಿಸಿದ್ದನ್ನು ಸ್ವಲ್ಪ ತಡವಾಗಿ ಪ್ರತಿಧ್ವನಿಯಾಗಿ ಕೇಳಿಸುವ ಡಿಲೇಯಲ್ಲಿ ಅದಿಲ್ಲ. ಕೂಡಿಸುವುದು, ಗುಣಿಸುವುದು ಗೊತ್ತಿದ್ದರೆ ಸಾಕು.

ನಾನು ಬಳಸುವುದು ಡೈಸಿ ಸೀಡ್ ಬೋರ್ಡ್, 64 ಎಂಬಿ ಮೆಮೊರಿಯದ್ದು. ಪ್ರೊಸೆಸರ್ 480 ಮೆಗಾಹರ್ಟ್ಸ್. ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ಅಂದರೆ ಒಂದೊಂದು ಸ್ಯಾಂಪಲ್‌ಗೆ ಪ್ರೊಸೆಸರಿನ 10,000 ಕ್ಲಾಕ್ ಸಿಕ್ಕಿತು. ಬೇಕಾದಷ್ಟಾಯಿತು.

ಗಿಟಾರನ್ನು ನೇರ ಬೋರ್ಡಿಗೆ ಕೊಡಬೇಡಿ. ಪಿಕಪ್‌ಗೆ (ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯುವ ಕಾಯಿಲ್) ಎದುರಿನಲ್ಲಿ 1 ಮೆಗಾಓಮ್ ಇನ್‌ಪುಟ್ ಬೇಕು. ಕಮ್ಮಿಯಾದರೆ ಟ್ರೆಬಲ್ ಸತ್ತು, ಕಂಬಳಿ ಹೊದ್ದು ನುಡಿಸಿದ ಹಾಗೆ ಕೇಳುತ್ತದೆ. ಒಂದು ಟಿಎಲ್072 ಐಸಿಯಲ್ಲಿ ಬಫರ್ (ಸಿಗ್ನಲ್ ಕುಗ್ಗದ ಹಾಗೆ ದಾಟಿಸುವ ಸರ್ಕ್ಯೂಟ್) ಮಾಡಿ ನಡುವೆ ಹಾಕಿ.

ಇನ್ನು ಪೆಡಲ್‌ನ ಜೀವ: ರಿಂಗ್ ಬಫರ್, ಅಂದರೆ ಈಗಷ್ಟೇ ನುಡಿಸಿದ ಸದ್ದನ್ನು ಸುತ್ತಿ ಸುತ್ತಿ ಬರೆದಿಡುವ ಮೆಮೊರಿ. ಉಡುಪಿಯವರಿಗೆ ಇದನ್ನು ಬೇರೆ ಕಲಿಸಬೇಕಾಗಿಲ್ಲ, ನಮ್ಮ ಪರ್ಯಾಯವೇ ಉಂಟಲ್ಲ. ಎಂಟು ಮಠ, ಕೃಷ್ಣನ ಪೂಜೆಯ ಸರದಿ ತಲಾ ಎರಡು ವರ್ಷ. 2024ರಲ್ಲಿ ಪುತ್ತಿಗೆ, 2026ರಲ್ಲಿ ಶಿರೂರು. ಪುತ್ತಿಗೆಗೆ ಮತ್ತೆ ಸರದಿ 2040ಕ್ಕೆ. ಯಾವ ಮಠವೂ ಜಾಗ ಬದಲಿಸುವುದಿಲ್ಲ, ಸರದಿ ಮಾತ್ರ ಸುತ್ತುತ್ತದೆ. ಬಫರಿನಲ್ಲೂ ಸ್ಯಾಂಪಲ್‌ಗಳನ್ನು ಒಂದೊಂದಾಗಿ ಮುಂದೆ ತಳ್ಳುತ್ತಾ ಕೂತರೆ ಪ್ರೊಸೆಸರ್ ಸುಸ್ತಾಗುತ್ತದೆ. ಸ್ಯಾಂಪಲ್ ಇದ್ದಲ್ಲೇ ಇರಲಿ, ಬರೆಯುವ ಜಾಗದ ನಂಬರ್ ಸುತ್ತಲಿ. ಎಂಟರ ಬದಲು 48,000 ಮನೆ ಇಟ್ಟುಕೊಳ್ಳಿ. ಒಂದು ಸುತ್ತು ಒಂದು ಸೆಕೆಂಡ್.

ಒಂದು ಲೆಕ್ಕ ಮಾಡುವ. ನಿಮಿಷಕ್ಕೆ 120 ಬೀಟ್ ಇರುವ ಹಾಡಿಗೆ 375 ಮಿಲಿಸೆಕೆಂಡ್ ಡಿಲೇ ಚಂದ ಕೂರುತ್ತದೆ. ಅದು 18,000 ಸ್ಯಾಂಪಲ್. ಈಗ ಬರೆಯುತ್ತಿರುವ ಮನೆ 5,000 ಅಂತಿಟ್ಟುಕೊಳ್ಳಿ. 18,000 ಹಿಂದೆ ಹೋದರೆ −13,000. ಅಂಥ ಮನೆಯೇ ಇಲ್ಲ ಅಲ್ವಾ? 48,000 ಕೂಡಿಸಿ. 35,000ನೇ ಮನೆಯಲ್ಲಿ ಓದಿ. ಪ್ರತಿ ಸ್ಯಾಂಪಲ್‌ಗೂ ಮಾಡುವುದು ಇಷ್ಟೇ:

ಹಳೆಯದು = ಬಫರ್[ಓದುವ ಮನೆ]
ಬಫರ್[ಬರೆಯುವ ಮನೆ] = ಗಿಟಾರ್ + 0.5 × ಹಳೆಯದು
ಔಟ್‌ಪುಟ್ = ಗಿಟಾರ್ + 0.6 × ಹಳೆಯದು
ಬರೆಯುವ ಮನೆಗೆ 1 ಕೂಡಿಸು. 48,000 ಆದರೆ 0 ಮಾಡು

ಶುರುವಿನಲ್ಲಿ ಎಲ್ಲ ಮನೆಗೂ ಸೊನ್ನೆ ತುಂಬಲು ಮರೆಯಬೇಡಿ. ನಾನು ಮರೆತಿದ್ದೆ. ಮೆಮೊರಿಯಲ್ಲಿದ್ದ ಕಸವೆಲ್ಲ ಆಂಪ್‌ನಲ್ಲಿ ಒಮ್ಮೆಲೇ ಬಂತು, ಪಕ್ಕದ ಜ್ಯೂಸ್ ಅಂಗಡಿಯವರು ಎದ್ದು ಬಂದರು.

ಎರಡನೇ ಸಾಲಿನ 0.5 ಇದೆಯಲ್ಲ, ಅದು ಫೀಡ್‌ಬ್ಯಾಕ್. ಪ್ರತಿ ಸಲ ಸದ್ದು ಅರ್ಧ ಆಗುತ್ತದೆ, ಹತ್ತನೇ ಸಲಕ್ಕೆ 1,024ರಲ್ಲಿ ಒಂದು ಪಾಲು. 1 ದಾಟಿತೋ, ಕೆಟ್ಟಿತು. ಶಿರ್ವದಲ್ಲಿ ಒಂದು ರೋಸ್‌ಗೆ (ಕ್ರೈಸ್ತರ ಮದುವೆಯ ಮುಂಚಿನ ಸಮಾರಂಭ) ನುಡಿಸುವಾಗ ನನ್ನ ಕಾಲು ತಾಗಿ ಫೀಡ್‌ಬ್ಯಾಕ್ ನಾಬ್ ಪೂರ್ತಿ ತಿರುಗಿತ್ತು. ನಾನೇ ಅದರ ಮಿತಿಯನ್ನು 1.1 ಅಂತ ಬರೆದಿದ್ದೆ. ಪೆಡಲ್ ಬೊಬ್ಬೆ ಹಾಕಲು ಶುರು. ಮುಂದೆ ಕೂತಿದ್ದ ಅಜ್ಜಿಯೊಬ್ಬರು, "ಎಂತ ಮಗಾ, ಅದಕ್ಕೆ ಹೊಟ್ಟೆನೋವಾ?" ಅಂತ ಕೇಳಿದರು. ಈಗ ಮಿತಿ 0.95. ಬಫರಿಗೆ ಬರೆಯುವ ಮೊದಲು ಒಂದು ಟ್ಯಾನ್‌ಎಚ್ (ದೊಡ್ಡ ಅಂಕಿಯನ್ನು ಮೆಲ್ಲ ಒತ್ತಿ ಸಣ್ಣದು ಮಾಡುವ ಗಣಿತದ ಫಂಕ್ಷನ್) ಕೂಡ ದಾಟಿಸುತ್ತೇನೆ, ಸದ್ದು ಎಷ್ಟೇ ಏರಿದರೂ 1ರ ಒಳಗೇ ನಿಲ್ಲುತ್ತದೆ.

ಕೊನೆಯ ತೊಂದರೆ ನಮ್ಮ ಊರಿನದ್ದೇ. ಜುಲೈ ಬಂದರೆ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಡಿಲೇ ಸಮಯದ ನಾಬ್‌ನೊಳಗಿನ ಪಾಟನ್ನು (ತಿರುಗಿಸುವ ರೆಸಿಸ್ಟರ್) ಬಿಡುತ್ತದಾ? ಅದರ ಅಂಕಿ ಸಾವಿರದಲ್ಲಿ ಒಂದರಷ್ಟು ನಡುಗಿದರೂ ಓದುವ ಮನೆ 48 ಸ್ಯಾಂಪಲ್ ಹಾರುತ್ತದೆ. ಪರಪರ ಸದ್ದು. ಹೊಸ ಪಾಟ್ ಹಾಕಿದರೂ ಮುಂದಿನ ಮಳೆಗಾಲಕ್ಕೆ ಅದೇ ಕತೆ. ಹಾಗಾಗಿ ಮದ್ದು ಕೋಡಿನಲ್ಲೇ ಕೊಡಿ (ಸಮಯ ಅಂದರೆ ಎಷ್ಟು ಸ್ಯಾಂಪಲ್ ಹಿಂದೆ ಓದಬೇಕು ಅನ್ನುವ ಅಂಕಿ):

ಸಮಯ = ಸಮಯ + 0.0005 × (ನಾಬ್ − ಸಮಯ)

ನಾಬ್ ಹಾರಿದರೂ ಸಮಯ ಮೆಲ್ಲ ಜಾರುತ್ತದೆ. ಆದರೆ ಈಗ 18,000.3 ಅಂಥ ಅಂಕಿ ಬರುತ್ತದೆ. ಅದನ್ನು ಸುಮ್ನೆ 18,000 ಮಾಡಿದರೆ ಪರಪರ ಪೂರ್ತಿ ಹೋಗುವುದಿಲ್ಲ. 18,000 ಹಿಂದಿನದರ 0.7 ಪಾಲು, 18,001 ಹಿಂದಿನದರ 0.3 ಪಾಲು ಕೂಡಿಸಿ.

ಇದಕ್ಕೊಂದು ಬೋನಸ್ ಉಂಟು. ಪ್ರತಿಧ್ವನಿ ಬರುತ್ತಿರುವಾಗ ನಾಬ್ ತಿರುಗಿಸಿದರೆ ಸ್ವರ ಹಳೆ ಟೇಪ್ ಮಷೀನಿನ ಹಾಗೆ ಎಳೆದುಕೊಂಡು ಮೇಲೆ ಕೆಳಗೆ ಹೋಗುತ್ತದೆ. 0.0005 ಬದಲು 0.00005 ಹಾಕಿ ನೋಡಿ, ಜಾಸ್ತಿ ಮಜಾ.